ಇಲ್ಲಿನ ಗಾಳಿ, ಅವ್ವನ ಹಂಡೆ

ಡಿಸೆಂಬರಿನಲ್ಲಿ ಇಲ್ಲಿ ಬೆಳಗ್ಗೆ ಒಂಬತ್ತಕ್ಕೆ ಹೊತ್ತು ಮೂಡಿ ಮಧ್ಯಾಹ್ನ ಮೂರೂಕಾಲಿಗೆಲ್ಲ ಮುಳುಗಿಬಿಡುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪ. ಮರ ಅಪರೂಪ, ಗಾಳಿಗೆ ಬಿಡುವಿಲ್ಲ. ನಾವು ಬಾಡಿಗೆಗಿರುವ ಮನೆಯ ಹಿಂದೆ ಒಂದು ಕಂಬ, ಅದರ ತುದಿಯಲ್ಲಿ ಸಣ್ಣದೊಂದು ಗಾಳಿಯಂತ್ರ. ರೆಕ್ಕೆಗಳ ಸುತ್ತು ಎರಡು ಮೀಟರ್ ಅಗಲ. ಅದರ ಕರೆಂಟ್ ದೀಪಕ್ಕಲ್ಲ, ಸೀದಾ ನೀರಿನ ಟ್ಯಾಂಕಿನ ಕಾಯಿಲಿಗೆ.

ವಿಡಿಯೋ ಕಾಲಿನಲ್ಲಿ ಅದನ್ನು ಕಂಡ ಅವ್ವ, "ನಮ್ಗೂ ಒಂದು ನಿಲ್ಸು ಮಗ, ಒಲೆ ಊದೋದಾದ್ರೂ ತಪ್ತದೆ" ಅಂದಳು. ಪಾಂಡವಪುರದ ಹತ್ತಿರ ನಮ್ಮೂರು. ಈಗಲೂ ಬಚ್ಚಲ ಹಂಡೆಗೆ ತೆಂಗಿನ ಮಟ್ಟೆ, ಕರಟ. ಮಳೆಗಾಲದಲ್ಲಿ ಹಸಿ ಸೌದೆ. ಹೊಗೆಗೆ ಅವಳ ಕಣ್ಣು ಕೆಂಪಾಗಿರುವುದು ಫೋನಿನಲ್ಲೂ ಕಾಣುತ್ತದೆ. ಆ ರಾತ್ರಿ ಪೆನ್ನು ಹಿಡಿದು ಲೆಕ್ಕಕ್ಕೆ ಕೂತೆ.

ನೂರು ಲೀಟರ್ ನೀರಿನ ಬಿಸಿ 30 ಡಿಗ್ರಿ ಏರಬೇಕಾದರೆ ಮೂರೂವರೆ ಯೂನಿಟ್ ಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಅರ್ಧಕ್ಕಿಳಿದರೆ ಎಂಟರಲ್ಲೊಂದು ಪಾಲೇ ಉಳಿಯುತ್ತದೆ. ಸೆಕೆಂಡಿಗೆ 6 ಮೀಟರ್ ಗಾಳಿ ಹಗಲೂ ರಾತ್ರಿ ಬೀಸಿದರೆ ಇಷ್ಟು ಸಣ್ಣ ಯಂತ್ರವೂ ದಿನಕ್ಕೆ ಸುಮಾರು ಮೂರು ಯೂನಿಟ್ ಕೊಟ್ಟೀತು. 3 ಮೀಟರಿನ ಗಾಳಿಯಲ್ಲಿ ಅರ್ಧ ಯೂನಿಟ್ಟೂ ಹುಟ್ಟದು, ನೀರು ಬೆಚ್ಚಗೂ ಆಗದು. ಆಷಾಢದ ಗಾಳಿ ಬಿಟ್ಟರೆ ಕಬ್ಬಿನ ಗದ್ದೆ, ತೆಂಗಿನ ತೋಟದ ನಡುವಿನ ನಮ್ಮ ಮನೆಗೆ ಸಿಗುವುದು ಇಂಥದ್ದೇ.

ಗಾಳಿ ಜೋರಾದರೆ ಬೇರೆ ಕಷ್ಟ. ಗೀಸರ್ ಆದರೆ ನೀರು ಕಾದೊಡನೆ ಆಫ್ ಆಗುತ್ತದೆ. ಇಲ್ಲಿ ಕಾಯಿಲ್ ಎಳೆಯುವ ಕರೆಂಟೇ ರೆಕ್ಕೆಗೆ ಲಗಾಮು. ಅದು ತಪ್ಪಿದರೆ ರೆಕ್ಕೆ ಹುಚ್ಚೆದ್ದು ತಿರುಗುತ್ತದೆ. ಅದಕ್ಕೇ ಟ್ಯಾಂಕ್ ಕಾದ ಮೇಲೆ ಕರೆಂಟನ್ನು ಹೊರಗಿನ ಇನ್ನೊಂದು ಕಾಯಿಲಿಗೆ ತಿರುಗಿಸುವ ಏರ್ಪಾಡಿದೆ. ಹೋದ ಜನವರಿಯ ಒಂದು ರಾತ್ರಿ ಆ ಎರಡನೇ ಕಾಯಿಲಿನ ವೈರ್ ಸಡಿಲವಾಗಿತ್ತು. ಮಲಗಿದ್ದವರು ಎದ್ದು ಕೂತೆವು. ಹೊರಗೆ ಕಿವಿ ಸೀಳುವ ಊಳು, ಕಂಬಕ್ಕೆ ಬಿಗಿದ ತಂತಿಗಳು ಅದುರುವ ಸದ್ದು. ಪಕ್ಕದಲ್ಲೇ ಇರುವ ಮನೆ ಮಾಲೀಕರು ಮಳೆಯಲ್ಲಿ ಓಡಿಬಂದು ಬ್ರೇಕ್ ಸ್ವಿಚ್ ಎಳೆದರು. ಯಂತ್ರದಿಂದ ಬರುವ ಮೂರೂ ವೈರುಗಳನ್ನು ಒಂದಕ್ಕೊಂದು ಕೂಡಿಸುವ ಸ್ವಿಚ್ಚು ಅದು. ರೆಕ್ಕೆ ಮೆಲ್ಲಗೆ ಹತೋಟಿಗೆ ಬಂತು. ಅರವತ್ತು ದಾಟಿದ ಅವ್ವನಿಗೆ ಇಂಥದ್ದನ್ನು ಕಟ್ಟಿಕೊಡಲು ನನಗೆ ಮನಸ್ಸಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಹೋದದ್ದು ಅಲ್ಲಿ ಕಾವೇರಿ ಧುಮುಕುತ್ತಿದ್ದಳು ಅಂತ. ನಮ್ಮ ತಾರಸಿಯ ಮೇಲೆ ಧಾರಾಳವಾಗಿರುವುದು ಬಿಸಿಲು.

"ಗಾಳಿಯಂತ್ರ ಬ್ಯಾಡ ಕಣವ್ವ, ಸೋಲಾರ್ ಹಾಕ್ಸೋಣ" ಅಂದೆ.

"ಮೋಡ ಕವ್ಕೊಂಡಾಗ?"

ಆ ದಿನಗಳಿಗೆ ಹಂಡೆ ಇರಲಿ, ಒಲೆಗೊಂದು ಹೊಗೆ ಕೊಳವೆ ಹಾಕಿಸುತ್ತೇನೆ ಅಂದೆ. ಭಾನುವಾರ ತಮ್ಮ ತಾರಸಿ ಅಳೆದು ಕಳಿಸುತ್ತಾನೆ. ದಕ್ಷಿಣದ ಕಡೆಯ ತೆಂಗಿನ ಮರದ ನೆರಳು ಎಷ್ಟು ಹೊತ್ತಿಗೆ ಸರಿಯುತ್ತದೆ ಅಂತಲೂ ನೋಡಲು ಹೇಳಿದ್ದೇನೆ.