ಐದು ಕೆಜಿ ಅವರೆಕಾಯಿ, ಒಂದು ವಾರದ ರಜೆ

ಕ್ರಿಸ್‌ಮಸ್ ರಜೆಗೆ ಮಕ್ಕಳೆಲ್ಲ ಮನೆಯಲ್ಲಿದ್ದಾಗ ಖರ್ಚು ಏರುವುದು ಊಟದಿಂದಲ್ಲ, ಸಂಜೆ ನಾಲ್ಕರಿಂದ ಏಳರವರೆಗಿನ ಬಾಯಾಡಿಸುವ ತಿಂಡಿಯಿಂದ. ಬೇಕರಿಯ ಪಫ್ಸು, ಚಿಪ್ಸ್ ಪೊಟ್ಟಣ, ಚಳಿ ಅಂತ ತರಿಸುವ ಗೋಬಿ, ಎಲ್ಲ ಸೇರಿದರೆ ಆ ವಾರದ ತರಕಾರಿ ಖರ್ಚನ್ನು ಸಲೀಸಾಗಿ ಮೀರುತ್ತದೆ. ಹಳೇ ಮೈಸೂರು ಸೀಮೆಯವರ ಪುಣ್ಯ, ಇದೇ ಹೊತ್ತಿಗೆ ಮಾರುಕಟ್ಟೆಗೆ ಅವರೆಕಾಯಿ ಬಂದು ಬಿದ್ದಿರುತ್ತದೆ. ಐದು ಕೆಜಿ ಒಟ್ಟಿಗೆ ತಂದು, ಬಿಡಿಸುವಾಗಲೇ ಬೇರ್ಪಡಿಸಿಟ್ಟುಕೊಂಡರೆ ನಾಲ್ಕೈದು ಜನರ ಮನೆಯಲ್ಲಿ ಒಂದು ವಾರದ ಸಾರು, ಪಲ್ಯ, ತಿಂಡಿ, ಸಂಜೆಯ ಕುರುಕಲು ಎಲ್ಲವೂ ಅದರಲ್ಲೇ ಆಗುತ್ತದೆ. ಎಲ್ಲ ಕಾಳನ್ನೂ ಒಂದೇ ಪಾತ್ರೆಗೆ ಸುರಿದರೆ ಮಾತ್ರ ಲೆಕ್ಕ ಕೈಕೊಡುತ್ತದೆ. ಎಳೆಯದು ಕರಗಿಹೋಗುತ್ತದೆ, ಬಲಿತದ್ದು ಬೇಯದೆ ಉಳಿಯುತ್ತದೆ.

ಮೊದಲು ಕೊಳ್ಳುವ ಮಾತು. ಕಾಯಿಯನ್ನು ಬೆರಳಿನಲ್ಲಿ ಉಜ್ಜಿದರೆ ಅಂಟಂಟಾಗಬೇಕು, ಘಮ್ಮೆನ್ನಬೇಕು. ಅದೇ ಸೊಗಡು. ಹಳೆಯ ನಾಟಿ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವ ಬೆಳೆ, ಹಾಗಾಗಿ ಚಳಿಗಾಲಕ್ಕೇ ಕಟ್ಟುಬಿದ್ದದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ಬೇರೆ ಕಾಲದಲ್ಲೂ ಬೆಳೆಯುತ್ತವೆ. ಆದರೆ ಸಾರಿಗೆ ಬೇಕಾದ ಘಮ ನಾಟಿಯದ್ದೇ. ನೀರು ಚಿಮುಕಿಸಿ ಹೊಳೆಯುವಂತೆ ಮಾಡಿದ ಕಾಯಿ ಬೇಡ. ತೂಕ ನೀರಿನದು, ಮಾರನೆ ದಿನಕ್ಕೆ ಕಪ್ಪು ಚುಕ್ಕೆ. ತಂದದ್ದನ್ನು ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟರೂ ಅದೇ ಗತಿ, ಗೋಣಿತಾಟಿನ ಮೇಲೆ ಹರವಿಡಿ.

ತುಂಬಿದ ಕಾಯಿಯಾದರೆ 5 ಕೆಜಿಗೆ 1.75ರಿಂದ 2 ಕೆಜಿ ಕಾಳು ಬರುತ್ತದೆ. ಚಪ್ಪಟೆ ಕಾಯಿ ಹೆಚ್ಚಿದ್ದರೆ ಒಂದೂವರೆಗೂ ಇಳಿಯುತ್ತದೆ. ಬಿಡಿಸಿದ ಕಾಳು ಮಾರುವವರ ಬಳಿ ಹೋಗುವ ಮುನ್ನ ಈ ಲೆಕ್ಕ ತಲೆಯಲ್ಲಿರಲಿ: ಕಾಯಿಯ ಬೆಲೆಯ ಎರಡೂವರೆ ಪಟ್ಟಿನೊಳಗೆ ಕಾಳು ಸಿಕ್ಕರೆ ಕಾಳನ್ನೇ ಕೊಳ್ಳಿ. ಮೂರು ಪಟ್ಟು ದಾಟಿದರೆ ಮನೆಯಲ್ಲೇ ಬಿಡಿಸಿ. ರಜೆಯಲ್ಲಿ ಕೈಗಳಿಗೇನು ಬರ?

ಬಿಡಿಸಲು ಕೂರುವಾಗ ಮೂರು ಪಾತ್ರೆ ಇಟ್ಟುಕೊಳ್ಳಿ. ಒಂದಕ್ಕೆ ಎಳಸು, ಉಗುರು ಒತ್ತಿದರೆ ಒಳಗಿಳಿಯುವಂಥವು. ಇನ್ನೊಂದಕ್ಕೆ ದುಂಡಗೆ ತುಂಬಿಕೊಂಡ ಹಸಿರು ಕಾಳು, ಎಲ್ಲಕ್ಕಿಂತ ಹೆಚ್ಚು ಸಿಗುವುದು ಇದೇ. ಮತ್ತೊಂದಕ್ಕೆ ಬಣ್ಣ ತಿರುಗಿ ಗಟ್ಟಿಯಾದವು. ತೂತು ಕಂಡ ಕಾಯಿಯೊಳಗೆ ಹಸಿರು ಹುಳು ಇದ್ದೇ ಇರುತ್ತದೆ, ಮಕ್ಕಳು ಚೀರಿ ಬುಟ್ಟಿ ಬೀಳಿಸುವ ಮುನ್ನ ಹೇಳಿಬಿಡಿ. ಕೊರೆದ ಕಾಳು ಬಿಸಾಡಿ, ಉಳಿದದ್ದನ್ನು ಉಪ್ಪು ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ತೊಳೆದರೆ ಸಾಕು.

ಎಳಸಿಗೆ ನೆನೆಸುವ ಕೆಲಸವಿಲ್ಲ. ಕುದಿಯುವ ನೀರಿಗೆ ಉಪ್ಪು ಹಾಕಿ ಎಂಟು ಹತ್ತು ನಿಮಿಷ ತೆರೆದ ಪಾತ್ರೆಯಲ್ಲೇ ಬೇಯಿಸಿ, ಆ ನೀರನ್ನು ಚೆಲ್ಲಬೇಡಿ. ಉಪ್ಪಿಟ್ಟಿಗೆ ಒಂದು ಲೋಟ ರವೆಗೆ ಒಂದು ಲೋಟ ಬೆಂದ ಕಾಳು, ಕಾಳು ಬೆಂದ ನೀರೂ ಸೇರಿ ಎರಡೂವರೆ ಲೋಟ ನೀರು. ರವೆ ಘಮ ಬರುವಷ್ಟು ಹುರಿದಿರದಿದ್ದರೆ ಮುದ್ದೆಯಾಗುತ್ತದೆ. ಇದಕ್ಕೆ ಸಬ್ಬಸಿಗೆ ಸೊಪ್ಪು ಸೇರದಿದ್ದರೆ ಅರ್ಧ ರುಚಿ ಹೋದಂತೆ. ಉಳಿದ ಎಳಸು ಅಕ್ಕಿರೊಟ್ಟಿಗೆ: ಎರಡು ಲೋಟ ಅಕ್ಕಿಹಿಟ್ಟು, ಒಂದು ಲೋಟ ಬೆಂದ ಕಾಳು, ಹಿಂದಿನ ದಿನದ ಅನ್ನ ಅರ್ಧ ಲೋಟ ಚೆನ್ನಾಗಿ ಮಸೆದು, ಈರುಳ್ಳಿ, ಹಸಿಮೆಣಸು, ಜೀರಿಗೆ, ಉಪ್ಪು, ಬಿಸಿನೀರು. ಅನ್ನ ಹಾಕುವುದು ಬರೀ ಮಿಗಿಸದಿರಲಿಕ್ಕಲ್ಲ, ಅದರಿಂದ ರೊಟ್ಟಿ ಆರಿದ ಮೇಲೂ ಮೆತ್ತಗಿರುತ್ತದೆ. ಬಾಣಲೆ ಬಿಸಿಯಿದ್ದಾಗ ತಟ್ಟಲು ಬರುವುದಿಲ್ಲ, ಎರಡು ಬಾಣಲೆ ಇದ್ದರೆ ಒಂದು ಬೇಯುವಾಗ ಇನ್ನೊಂದು ಆರುತ್ತದೆ.

ದುಂಡು ಕಾಳೇ ವಾರದ ಬಂಡವಾಳ. ಅರ್ಧ ಕೆಜಿಯನ್ನು ಬಸ್ಸಾರಿಗೆ ಎತ್ತಿಟ್ಟು ಉಳಿದದ್ದನ್ನು ಹಿತುಕಲು ನೆನೆಹಾಕಿ. ರಾತ್ರಿ ತಣ್ಣೀರಿನಲ್ಲಿ ನೆನೆಸಿದರೆ ಬೆಳಿಗ್ಗೆ ಎಂಟು ಗಂಟೆಗೆ ಸಿಪ್ಪೆ ಸಡಿಲವಾಗಿರುತ್ತದೆ. ಅವಸರವಾದರೆ ಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ. ಕುದಿಯುವ ನೀರು ಮಾತ್ರ ಸುರಿಯಬೇಡಿ. ಮೇಲ್ಪದರ ಬೆಂದು ಸಿಪ್ಪೆ ಬೇಳೆಗೆ ಅಂಟಿಕೊಳ್ಳುತ್ತದೆ, ಹಿತುಕಿದರೆ ಬೇಳೆ ಒಡೆದು ಹಿಟ್ಟಾಗುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದು ತುದಿಯಿಂದ ಒತ್ತಿದರೆ ಬೇಳೆ ಚಿಮ್ಮುತ್ತದೆ. ಕೈಯನ್ನು ಆಳವಾದ ಪಾತ್ರೆಯೊಳಗೆ ಇಟ್ಟುಕೊಂಡೇ ಹಿತುಕಿ, ಇಲ್ಲದಿದ್ದರೆ ಅರ್ಧ ಬೇಳೆ ಸೋಫಾದಡಿ. ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚೇ ಸಿಪ್ಪೆಗೆ ಹೋಗುತ್ತದೆ, ಹೀಗಾಗಿ ಅಂಗಡಿಯ ಹಿತುಕಿದ ಬೇಳೆ ದುಬಾರಿ ಎನಿಸಿದರೂ ಅದು ಅನ್ಯಾಯದ ಬೆಲೆಯಲ್ಲ. ಕಾಯಿಯ ಸಿಪ್ಪೆ, ಕಾಳಿನ ಸಿಪ್ಪೆ ಎರಡನ್ನೂ ದನ ಇಷ್ಟಪಟ್ಟು ತಿನ್ನುತ್ತವೆ.

ಹಿತುಕಿದ ಬೇಳೆ ಸಾರಿಗೆ, ಐದು ಜನಕ್ಕೆ, ಎರಡು ಲೋಟ ಬೇಳೆ. ಕುಕ್ಕರ್ ಬೇಡ, ಒಂದೇ ಸೀಟಿಗೆ ಬೇಳೆ ಗಂಜಿಯಾಗುತ್ತದೆ. ನಾಲ್ಕು ಲೋಟ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ ಮುಕ್ಕಾಲು ಬೆಂದ ಮೇಲೆಯೇ ಮಸಾಲೆ ಹಾಕಬೇಕು. ಮೊದಲೇ ಟೊಮೇಟೊ ಅಥವಾ ಹುಣಸೆ ಬಿದ್ದರೆ ಹುಳಿಗೆ ಬೇಳೆ ಬಿಗಿದುಕೊಂಡು ಎಷ್ಟು ಕುದಿಸಿದರೂ ಕಚ್ಚುತ್ತದೆ. ರುಬ್ಬಲು ಬೇಕಾದದ್ದು: ಅರ್ಧ ಲೋಟ ತೆಂಗಿನತುರಿ, ಬಾಡಿಸಿದ ಒಂದು ಈರುಳ್ಳಿ, ಎರಡು ಟೊಮೇಟೊ, ಆರು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಮೂರು ಲವಂಗ, ಒಂದಿಂಚು ಚಕ್ಕೆ, ಎರಡು ದೊಡ್ಡ ಚಮಚ ಹುಳಿಪುಡಿ, ಅಂದರೆ ಸಾಂಬಾರ್ ಪುಡಿ. ಗಸಗಸೆ ಹಾಕುವವರುಂಟು. ಅದರ ಬೆಲೆಗೆ ಹೋಲಿಸಿದರೆ ಒಂದು ಚಮಚ ಹುರಿಗಡಲೆ ಅದೇ ಮಂದವನ್ನು ಕೊಡುತ್ತದೆ, ವ್ಯತ್ಯಾಸ ಹೇಳುವವರು ಕಡಿಮೆ. ಮಸಾಲೆ ಹಾಕಿದ ಮೇಲೆ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಆರಿದಂತೆ ಸಾರು ಮಂದವಾಗುತ್ತದೆ, ಆದ್ದರಿಂದ ಇಳಿಸುವಾಗ ಸ್ವಲ್ಪ ನೀರಾಗಿಯೇ ಇರಲಿ.

ಈ ಸಾರನ್ನು ಬೇಕೆಂದೇ ಎರಡು ಹೊತ್ತಿಗಾಗುವಷ್ಟು ಮಾಡಿ, ಮಾರನೆ ದಿನ ದೋಸೆಗೆ ಅದರಷ್ಟು ಒಳ್ಳೆಯ ಜೊತೆ ಇಲ್ಲ. ಚಳಿಗೆ ಹಿಟ್ಟು ಉಬ್ಬುವುದೇ ಕಷ್ಟ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ರಾತ್ರಿಗಳು 15 ಡಿಗ್ರಿ ಆಸುಪಾಸಿಗೆ ಇಳಿಯುತ್ತವೆ, ಬೇಸಿಗೆಯಲ್ಲಿ ಎಂಟು ಗಂಟೆಗೆ ಉಕ್ಕುವ ಹಿಟ್ಟು ಹದಿನಾಲ್ಕು ಗಂಟೆಯಾದರೂ ಮಲಗಿರುತ್ತದೆ. ಸೋಡಾ ಬೇಡ. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಕೈಯಲ್ಲೇ ಕಲಸಿ. ಉಪ್ಪು ಉಬ್ಬಿದ ಮೇಲೆ. ಹಿಟ್ಟಿನ ಪಾತ್ರೆಯನ್ನು ಬೆಚ್ಚಗಿನ ನೀರಿರುವ ದೊಡ್ಡ ಪಾತ್ರೆಯಲ್ಲಿಟ್ಟು ಹಳೆ ಕಂಬಳಿ ಹೊದಿಸಿದರೆ ಬೆಳಿಗ್ಗೆಗೆ ಸಿದ್ಧ.

ಎತ್ತಿಟ್ಟ ಅರ್ಧ ಕೆಜಿಯಲ್ಲಿ ಬಸ್ಸಾರು. ಒಂದೇ ಒಲೆಯ ಬೆಂಕಿಯಲ್ಲಿ ಸಾರು ಪಲ್ಯ ಎರಡನ್ನೂ ಕೊಡುವ ಅಡುಗೆ ಇದು, ಮಿತವ್ಯಯಕ್ಕೆ ಇದನ್ನು ಮೀರಿದ ಪಾಠ ನಮ್ಮ ಅಡುಗೆಮನೆಯಲ್ಲಿಲ್ಲ. ಆರು ಲೋಟ ನೀರಿನಲ್ಲಿ ಕಾಳು ಬೇಯಿಸಿ, ಬೆರಳಿಗೆ ಹಿಸುಕುವಂತಾದಾಗ ಒಂದು ಕಟ್ಟು ಸಬ್ಬಸಿಗೆ ಅಥವಾ ದಂಟಿನ ಸೊಪ್ಪು ಹಾಕಿ ಐದು ನಿಮಿಷ, ಆಮೇಲೆ ಬಸಿಯಿರಿ. ಬಸಿದ ನೀರಿಗೆ ರುಬ್ಬಿ ಹಾಕಲು ಸುಟ್ಟ ಅಥವಾ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಆರು ಒಣಮೆಣಸು, ಅರ್ಧ ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ನೆಲ್ಲಿಕಾಯಿ ಗಾತ್ರದ ಹುಣಸೆ, ಎರಡು ಚಮಚ ತೆಂಗು, ಇವುಗಳ ಜೊತೆಗೆ ಬೆಂದ ಕಾಳುಸೊಪ್ಪು ಒಂದು ಸೌಟು. ಈ ಒಂದು ಸೌಟನ್ನು ಮರೆತವರ ಬಸ್ಸಾರು ತಿಳಿನೀರಿನಂತೆ ತಟ್ಟೆಯಲ್ಲಿ ಹರಿದಾಡುತ್ತದೆ. ಉಳಿದ ಕಾಳುಸೊಪ್ಪಿಗೆ ಸಾಸಿವೆ, ಒಣಮೆಣಸು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ.

ಜೊತೆಗೆ ಮುದ್ದೆ. ನಾಲ್ಕು ಲೋಟ ನೀರಿಗೆ ಎರಡು ಲೋಟ ರಾಗಿಹಿಟ್ಟು, ನಾಲ್ಕು ಮಧ್ಯಮ ಮುದ್ದೆ. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕುದಿಯುವ ನೀರಿಗೆ ಹಾಕಿ, ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಆಗ ಕೋಲು ಆಡಿಸಬೇಡಿ. ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ. ಹಿಟ್ಟು ಹಬೆಯಲ್ಲಿ ಬೇಯುವ ಮೊದಲೇ ತಿರುವಿದರೆ ಒಣಹಿಟ್ಟಿನ ಸುತ್ತ ಅಂಟು ಕಟ್ಟಿ ಗಂಟಾಗುವುದು, ಆಮೇಲೆ ಯಾವ ಬಲಕ್ಕೂ ಒಡೆಯದು. ತಿರುವಿದ ಮೇಲೆ ಮತ್ತೆ ಎರಡು ನಿಮಿಷ ಮುಚ್ಚಿ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ.

ಸಂಜೆಯ ಕುರುಕಲಿಗೆ ಕಾಲು ಕೆಜಿ ಹಿತುಕಿದ ಬೇಳೆಯನ್ನು ಬೇರೆ ತೆಗೆದು, ಹತ್ತಿ ಬಟ್ಟೆಯ ಮೇಲೆ ನೆರಳಲ್ಲಿ ಒಂದೆರಡು ಗಂಟೆ ಹರಡಿ. ಮೇಲಿನ ಪಸೆ ಆರಬೇಕು, ಬೇಳೆ ಒಣಗಬಾರದು. ಪಸೆಯಿದ್ದರೆ ಎಣ್ಣೆ ಸಿಡಿದು ಕೈ ಸುಡುತ್ತದೆ, ಮಕ್ಕಳನ್ನು ಒಲೆಯ ಬಳಿ ಬಿಡಬೇಡಿ. ಚಿಕ್ಕದಾದರೂ ಆಳವಾದ ಬಾಣಲೆಯಲ್ಲಿ ಕಾಲು ಲೀಟರ್ ಎಣ್ಣೆ ಸಾಕು, ಒಂದೊಂದು ಹಿಡಿಯಂತೆ ಕರಿಯಿರಿ. ಸದ್ದು ನಿಂತು ಬೇಳೆ ಮೇಲೆ ತೇಲಿದಾಗ ತೆಗೆಯಬೇಕು. ಎಣ್ಣೆ ಕಾಯುವ ಮೊದಲೇ ಹಾಕಿದರೆ ಎಣ್ಣೆ ಕುಡಿಯುತ್ತದೆ, ಬೇಗ ತೆಗೆದರೆ ಮಾರನೆ ದಿನಕ್ಕೆ ಮೆತ್ತಗಾಗುತ್ತದೆ. ಅದೇ ಎಣ್ಣೆಯಲ್ಲಿ ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಕೊಬ್ಬರಿ ಚೂರು. ಉಪ್ಪು, ಅಚ್ಚಖಾರದ ಪುಡಿ ಬಿಸಿಯಿದ್ದಾಗಲೇ ಬೆರೆಸಿ. ಬರೀ ಬೇಳೆಯನ್ನೇ ತಟ್ಟೆಗೆ ಸುರಿದರೆ ಒಂದೇ ಸಂಜೆಗೆ ಮುಗಿಯುತ್ತದೆ. ಒಂದು ಲೋಟ ಬೇಳೆಗೆ ಮೂರು ಲೋಟ ಕಡ್ಲೆಪುರಿ ಬೆರೆಸಿ, ತಿನ್ನುವ ಹೊತ್ತಿಗೆ ಈರುಳ್ಳಿ, ಕ್ಯಾರೆಟ್ ತುರಿ, ನಿಂಬೆರಸ. ಮಿಕ್ಕ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಆ ವಾರದ ಒಗ್ಗರಣೆಗೆ ಮುಗಿಸಿ, ಮತ್ತೆ ಕರಿಯಲು ಬೇಡ.

ಮೂರನೇ ಪಾತ್ರೆಯ ಗಟ್ಟಿ ಕಾಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಡಬ್ಬಿಗೆ ಹಾಕಿಡಿ. ಬಳಸುವಾಗ ರಾತ್ರಿ ನೆನೆಸಿ, ನೆನೆದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಬೇಕು. ಒಣ ಅವರೆ ಅರೆಬೆಂದರೆ ಹೊಟ್ಟೆಗೆ ಆಗದು. ಹಿತುಕಿದ ಬೇಳೆ ಮಿಕ್ಕರೆ ಒರೆಸಿ ಫ್ರೀಜರಿನಲ್ಲಿಟ್ಟರೆ ಎರಡು ತಿಂಗಳು ಧಾರಾಳವಾಗಿ ಬರುತ್ತದೆ, ಕರಗಿಸದೆ ನೇರ ಕುದಿಯುವ ನೀರಿಗೆ ಹಾಕಿ. ಅದನ್ನು ಕರಿಯಲು ಹೋಗಬೇಡಿ, ಮಂಜಿನ ನೀರು ಎಣ್ಣೆಯಲ್ಲಿ ಸಿಡಿಯುತ್ತದೆ. ವಿದೇಶದಲ್ಲಿರುವವರು ಭಾರತೀಯ ಅಂಗಡಿಯ ಫ್ರೀಜರಿನಲ್ಲಿ ಸುರ್ತಿ ಪಾಪಡಿ ಲಿಲ್ವಾ ಎಂದು ಬರೆದಿರುವ ಪೊಟ್ಟಣ ನೋಡಿ, ಅದು ಅವರೆಯೇ. ಪಕ್ಕದ ತುವರ್ ಲಿಲ್ವಾ ತೊಗರಿಕಾಳು.

ರಜೆ ಮುಗಿಯುವ ಮುನ್ನ ಮಾಡಿಡಬೇಕಾದ ಇನ್ನೊಂದು ಕೆಲಸ ಎಳ್ಳುಬೆಲ್ಲ. ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ, ಹಬ್ಬದ ಹಿಂದಿನ ದಿನ ಅಂಗಡಿಯ ಪೊಟ್ಟಣಕ್ಕೆ ಕೊಡುವ ದುಡ್ಡಿನ ದೊಡ್ಡ ಪಾಲು ಕತ್ತರಿಸಿದ ಕೂಲಿಯದು. ಒಂದು ಕೆಜಿಗೆ ಲೆಕ್ಕ: ಬಿಳಿ ಎಳ್ಳು 150 ಗ್ರಾಂ, ಕಡಲೆಕಾಯಿ ಬೀಜ 250, ಹುರಿಗಡಲೆ 150, ಕೊಬ್ಬರಿ 200, ಅಚ್ಚುಬೆಲ್ಲ 250. ಕೊಬ್ಬರಿಯ ಕಂದು ಹೊರಪದರವನ್ನು ಹೆರೆದು ಸಣ್ಣ ಚೂರು ಮಾಡಿ, ಬೆಲ್ಲವನ್ನೂ ಅದೇ ಗಾತ್ರಕ್ಕೆ ಅಡಕತ್ತರಿಯಲ್ಲಿ ಕತ್ತರಿಸಿ, ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿ ಎರಡು ಮೂರು ದಿನ ಬಿಸಿಲಿಗಿಡಿ. ಮೆತ್ತನೆಯ ಬೆಲ್ಲ ಎಷ್ಟು ಒಣಗಿಸಿದರೂ ಅಂಟುತ್ತದೆ, ಕೊಳ್ಳುವಾಗಲೇ ಗಟ್ಟಿಯದು ಆರಿಸಿ. ಕೊಬ್ಬರಿಯನ್ನು ಒಂದು ಚೂರು ತಿಂದು ನೋಡಿ, ಕಮಟು ಇದ್ದರೆ ಇಡೀ ಡಬ್ಬಿ ಹಾಳು. ಕಡಲೆಬೀಜ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ಬೇಳೆ ಮಾಡಿ, ಎಳ್ಳು ಚಟಪಟ ಎನ್ನುವವರೆಗೆ ಮಾತ್ರ ಹುರಿಯಿರಿ, ಕೆಂಪಾದರೆ ಕಹಿ. ಎಲ್ಲವೂ ಪೂರ್ತಿ ಆರಿದ ಮೇಲೆ ಬೆರೆಸಬೇಕು, ಎಳ್ಳಿನ ಬಿಸಿಯೊಂದೇ ಸಾಕು ಬೆಲ್ಲ ಕರಗಲು.

ಹೆರೆದ ಕೊಬ್ಬರಿಪುಡಿಯನ್ನು ಹುರಿಗಡಲೆ, ಒಣಮೆಣಸು, ಬೆಳ್ಳುಳ್ಳಿ, ಹುಣಸೆ, ಉಪ್ಪಿನ ಜೊತೆ ಪುಡಿ ಮಾಡಿದರೆ ದೋಸೆಗೆ ಚಟ್ನಿಪುಡಿ. ಬೆಲ್ಲ ಕತ್ತರಿಸುವಾಗ ಉದುರಿದ ಪುಡಿ ಧನುರ್ಮಾಸದ ಸಿಹಿ ಹುಗ್ಗಿಗೆ: ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹುರಿದ ಹೆಸರುಬೇಳೆ, ಆರು ಲೋಟ ನೀರು, ಕುಕ್ಕರಿನಲ್ಲಿ ನಾಲ್ಕು ಸೀಟಿ. ಬೆಲ್ಲ ಒಂದೂವರೆ ಲೋಟ ಬೇಕು, ಅಕ್ಕಿ ಪೂರ್ತಿ ಬೆಂದ ಮೇಲೆಯೇ ಹಾಕಿ.