ಬಣ್ಣಾ ಬಿಡತೈತೇನ್ರಿ?

ಕೇಳಿಯೇ ಕೇಳುತ್ತಾರೆ. ಕೌದಿಯ ಮೂಲೆ ಎತ್ತಿ ಹಿಂಬದಿ ನೋಡುವ ಮೊದಲೇ, ಅದರ ಮೇಲೆ ಏನಿದೆ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡುವ ಮೊದಲೇ ಕೇಳುತ್ತಾರೆ. ನಾನು ಮನೆಯಲ್ಲೇ ಬಟ್ಟೆಗೆ ಬಣ್ಣ ಹಾಕುತ್ತೇನೆ. ಅದನ್ನು ಕತ್ತರಿಸಿ, ಜೋಡಿಸಿ, ಕೌದಿ, ಅಂದರೆ ಪದರ ಸೇರಿಸಿ ಹೊಲಿದ ಹೊದಿಕೆ ಮಾಡಿ, ಒಂದೊಂದು ವಿಷಯ ಕೊಟ್ಟು ನಡೆಸುವ ಕ್ವಿಲ್ಟ್ (ಇಂಗ್ಲಿಷಿನಲ್ಲಿ ಕೌದಿಗೆ ಹಾಗೆನ್ನುತ್ತಾರೆ) ಸ್ಪರ್ಧೆಗಳಿಗೆ ಕಳಿಸುತ್ತೇನೆ. ಇಷ್ಟು ಹೇಳಿ ಮುಗಿಸುವುದರೊಳಗೆ ಪ್ರಶ್ನೆ ಬಂದಿರುತ್ತದೆ: "ಬಣ್ಣಾ ಬಿಡತೈತೇನ್ರಿ?" ಬೆಂಗಳೂರಿನ ಕಡೆಯವರಾದರೆ, "ಕಲರ್ ಹೋಗಲ್ಲ ತಾನೇ?"

ಮಾತು ಬೇರೆಯಾದರೂ ದನಿ ಒಂದೇ. ಹೆಣ್ಣು ಕೊಡುವವರು ಪಕ್ಕದ ಮನೆಗೆ ಹೋಗಿ, ಹುಡುಗ ಕುಡಿಯುತ್ತಾನೇನು ಎಂದು ವಿಚಾರಿಸುವ ದನಿ. ಕುಡಿಯುತ್ತಾನೆ ಎಂದು ಆಗಲೇ ತೀರ್ಮಾನವಾಗಿರುತ್ತದೆ, ಬಾಯಿಬಿಡಿಸುವುದಷ್ಟೇ ಬಾಕಿ.

ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಮೊದಲು ನನ್ನ ಮರುಪ್ರಶ್ನೆ: ಯಾವ ಬಣ್ಣ? ಎಲ್ಲ ಬಣ್ಣವೂ ಒಂದೇ ಎಂಬಂತೆ ಕೇಳಿದರೆ ನಾನೇನು ಹೇಳಲಿ? ನನ್ನ ಡಬ್ಬಿಗಳಲ್ಲಿ ಹೆಚ್ಚಿರುವುದು ರಿಯಾಕ್ಟಿವ್ ಬಣ್ಣ. 1856ರಲ್ಲಿ ಪರ್ಕಿನ್ ಎಂಬ ಹುಡುಗ ಲಂಡನ್ನಿನಲ್ಲಿ ಮೊದಲ ಕೃತಕ ಬಣ್ಣವನ್ನು ಕಂಡುಹಿಡಿದ. ಅದಾಗಿ ಸರಿಯಾಗಿ ನೂರು ವರ್ಷಕ್ಕೆ, 1956ರಲ್ಲಿ, ಇಂಗ್ಲೆಂಡಿನ ಐಸಿಐ ಕಂಪನಿ ಪ್ರೊಸಿಯಾನ್ ಎಂಬ ಹೆಸರಿನಲ್ಲಿ ಈ ರಿಯಾಕ್ಟಿವ್ ಬಣ್ಣಗಳನ್ನು ಮಾರಾಟಕ್ಕೆ ತಂದಿತು. ಇವು ಹತ್ತಿಯ ಮೇಲೆ ಕೂರುವ ಬಣ್ಣಗಳಲ್ಲ. ನೀರಿಗೆ ಸೋಡಾ ಆಶ್ (ಒಗೆಯುವ ಸೋಡಾದ ಜಾತಿಯದು) ಬೆರೆಸಿದರೆ ಬಣ್ಣದ ಅಣು ಹತ್ತಿಯ ಅಣುವಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಒಮ್ಮೆ ಬೆಸೆದರೆ ಮನೆಯಲ್ಲಿ ಒಗೆಯುವ ಒಗೆತಕ್ಕೆ ಅದು ಜಗ್ಗುವುದಿಲ್ಲ.

ಹಾಗಾದರೆ ಮೊದಲ ಸಲ ಒಗೆದಾಗ ಬಕೆಟ್ಟಿನಲ್ಲಿ ಬಣ್ಣ ಯಾಕೆ ಕಾಣುತ್ತದೆ? ಇಲ್ಲೇ ಇರುವುದು ಕಥೆ. ಹಾಕಿದ ಬಣ್ಣವೆಲ್ಲ ಬಟ್ಟೆಯನ್ನೇ ಹಿಡಿಯುವುದಿಲ್ಲ. ಒಂದಷ್ಟು ನೀರಿನ ಜೊತೆಗೇ ಕೂಡಿಕೊಂಡು ಕೆಲಸಕ್ಕೆ ಬಾರದ್ದಾಗಿ, ಎಳೆಗಳ ನಡುವೆ ಸುಮ್ಮನೆ ಸಿಕ್ಕಿಕೊಂಡಿರುತ್ತದೆ. ಅದನ್ನು ತೆಗೆಯುವುದಕ್ಕೆ ಕ್ರಮವಿದೆ. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಬಣ್ಣ ಹಾಕುವಾಗ ಬೆರೆಸಿದ್ದ ಉಪ್ಪನ್ನೂ ಸೋಡಾವನ್ನೂ ಕಳೆಯಬೇಕು, ಏಕೆಂದರೆ ಉಪ್ಪು ಇರುವತನಕ ಆ ಪುಂಡು ಬಣ್ಣ ಬಟ್ಟೆ ಬಿಟ್ಟು ಹೊರಡುವುದಿಲ್ಲ. ಆಮೇಲೆ ಕೈ ಇಡಲಾಗದಷ್ಟು ಬಿಸಿ ನೀರು. ನೀರು ತಿಳಿಯಾಗುವತನಕ ಬಿಸಿ ನೀರು. ಟರ್ಕಾಯ್ಸ್ ನೀಲಿಯಂತೂ ಹಟಮಾರಿ, ಮುಗಿಯಿತು ಎಂದುಕೊಂಡ ಮೇಲೂ ಒಂದಿಷ್ಟು ಕಕ್ಕುತ್ತದೆ. ಕೊನೆಗೆ ಪರೀಕ್ಷೆ: ಬಣ್ಣದ ತುಂಡನ್ನು ಒದ್ದೆ ಮಾಡಿ, ಬಿಳಿ ಮಲ್ ಬಟ್ಟೆಯ (ತೆಳುವಾದ ಹತ್ತಿ ಬಟ್ಟೆ) ಎರಡು ಮಡಿಕೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತುವುದು. ಮಲ್ ಬಿಳಿಯಾಗಿ ಉಳಿದರೆ ಮಾತ್ರ ಕತ್ತರಿ. ಕಲೆ ಬಿದ್ದರೆ ಮತ್ತೆ ಒಲೆ, ಮತ್ತೆ ನೀರು, ಮತ್ತೆ ಸಿಲಿಂಡರಿನ ಲೆಕ್ಕ. "ಕೌದಿಗೆ ಇಷ್ಟ್ಯಾಕ ರೊಕ್ಕಾ?" ಎನ್ನುವ ಇನ್ನೊಂದು ಪ್ರಶ್ನೆಗೂ ಅರ್ಧ ಉತ್ತರ ಇದರಲ್ಲೇ ಸಿಕ್ಕಿತು, ನೋಡಿ.

"ಹಂಗಾರ ಕೆಮಿಕಲ್ ಯಾಕ್ರಿ, ನ್ಯಾಚುರಲ್ ಬಣ್ಣ ಹಾಕ್ರಿ, ಅದು ಬಿಡೂದಿಲ್ಲ" ಎನ್ನುವವರು ಬೇರೆ. ಅವರಿಗೆ ನಾನು ಅರಿಶಿನ ತೋರಿಸುತ್ತೇನೆ. ಅರಿಶಿನದಲ್ಲಿ ಅದ್ದಿದ ಮಲ್ ಬಟ್ಟೆ ಒದ್ದೆಯಿದ್ದಾಗ ಎಷ್ಟು ಚೆಂದ ಎಂದರೆ ಅದರೆದುರು ಬೇರೆ ಹಳದಿಗಳೆಲ್ಲ ಸಪ್ಪೆ. ಬಿಸಿಲಿಗೆ ಹಾಕಿ, ನಾಲ್ಕು ದಿನಕ್ಕೆ ಬಿಳಿಚಿಕೊಳ್ಳುತ್ತದೆ. ಸಾಬೂನು ಹಚ್ಚಿ, ಹಚ್ಚಿದಲ್ಲೆಲ್ಲ ಕೆಂಪಾಗುತ್ತದೆ. ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುವವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ದಿನಾ ಕಾಣುವ ಸಂಗತಿ, ಕೌದಿಯ ವಿಷಯ ಬಂದರೆ ಮರೆತುಹೋಗುತ್ತದೆ. ಹಳದಿ ಬೇಕಾದರೆ ನಾನು ದಾಳಿಂಬೆ ಸಿಪ್ಪೆಗೆ ಹೋಗುತ್ತೇನೆ, ಬಟ್ಟೆಯನ್ನು ಮೊದಲು ಅಳಲೆಕಾಯಿ ನೀರಿನಲ್ಲೂ ಪಟಿಕದಲ್ಲೂ ನೆನೆಸಿ. ಅದು ನಿಲ್ಲುತ್ತದೆ. ಅರಿಶಿನದಷ್ಟು ಮಿನುಗುವುದಿಲ್ಲ, ಅದನ್ನು ಸಹಿಸಿಕೊಳ್ಳಬೇಕು.

ಈಗ ನೀಲಿ. ಒಂದು ಪ್ರದರ್ಶನದಲ್ಲಿ ನಡೆದದ್ದು. ಸ್ಪರ್ಧೆಯ ವಿಷಯ 'ಮಳೆ'. ಗೋಡೆಗೆ ತೂಗುಹಾಕಿದ್ದ ನನ್ನ ಕೌದಿಯ ಮುಂದೆ ಒಬ್ಬ ಹಿರಿಯರು ಬಂದು ನಿಂತರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆ ಕಡೆ ಈ ಕಡೆ ನೋಡಿ, ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು, ನೋಟು ಎಣಿಸುವವರಂತೆ ಸಲೀಸಾಗಿ, ನೀಲಿ ತುಂಡಿನ ಮೇಲೆ ಗಸಗಸ ಉಜ್ಜಿದರು. ಆಮೇಲೆ ಬೆರಳನ್ನು ನನ್ನ ಮೂಗಿನವರೆಗೆ ಹಿಡಿದು, "ಬಿಟ್ಟsತಲ್ರಿ!" ಎಂದರು. ಮುಖದಲ್ಲಿ ಎಂಥ ಸಮಾಧಾನ! ಅಮೆರಿಕದ ದೊಡ್ಡ ಕ್ವಿಲ್ಟ್ ಪ್ರದರ್ಶನಗಳಲ್ಲಿ ಬಿಳಿ ಕೈಗವಸು ಹಾಕಿಕೊಂಡ ಸ್ವಯಂಸೇವಕಿಯರು ಇರುತ್ತಾರೆ, ಹಿಂಬದಿ ನೋಡಬೇಕೆಂದರೆ ಅವರೇ ಎತ್ತಿ ತೋರಿಸುತ್ತಾರೆ, ನೋಡುವವರು ಮುಟ್ಟುವಂತಿಲ್ಲ. ನಮ್ಮಲ್ಲಿ ಉಗುಳು ಹಚ್ಚಿ ತೀರ್ಪು ಕೊಡುತ್ತಾರೆ.

ಅವರ ಬೆರಳಿಗೆ ಹತ್ತಿದ್ದು ನಿಜ. ಆ ತುಂಡು ನೀಲಿ ಗಿಡದ, ಅಂದರೆ ಇಂಡಿಗೋ ಬಣ್ಣದ್ದು. ಇಂಡಿಗೋ ನೀರಿನಲ್ಲಿ ಕರಗುವುದೇ ಇಲ್ಲ. ಹುದುಗಿನ ತೊಟ್ಟಿಯಲ್ಲಿ, ನೀರಿನ ಆಮ್ಲಜನಕ ಕಳೆದು, ಅದನ್ನು ಕರಗುವಂತೆ ಮಾಡಬೇಕು. ಆಗ ತೊಟ್ಟಿಯ ನೀರು ಹಳದಿ ಮಿಶ್ರಿತ ಹಸಿರು. ಬಟ್ಟೆ ಅದ್ದಿ ಮೇಲೆತ್ತಿದರೆ ಅದೂ ಹಸಿರೇ. ಗಾಳಿ ತಾಗುತ್ತಿದ್ದಂತೆ ಅಂಚಿನಿಂದ ನೀಲಿ ಏರತೊಡಗುತ್ತದೆ, ಮಡಿಕೆ ಬಿದ್ದಲ್ಲಿ ಮಾತ್ರ ಹಸಿರು ಇನ್ನೊಂದು ಗಳಿಗೆ ಉಳಿಯುತ್ತದೆ. ಎಷ್ಟು ಸಲ ನೋಡಿದರೂ ಆ ಒಂದು ನಿಮಿಷ ನಾನು ಯಾರ ಫೋನನ್ನೂ ಎತ್ತುವುದಿಲ್ಲ. ಹೀಗೆ ಮತ್ತೆ ನೀಲಿಯಾದ ಬಣ್ಣ ಎಳೆಯೊಳಗೆ ಪುಡಿಯಾಗಿ ಸಿಕ್ಕಿಕೊಳ್ಳುತ್ತದೆ, ಬೆಸೆದುಕೊಳ್ಳುವುದಿಲ್ಲ. ಉಜ್ಜಿದರೆ ಮೇಲಿನ ಪುಡಿ ಬೆರಳಿಗೆ ಬರುತ್ತದೆ. ಹೊಸ ಜೀನ್ಸ್ ಹಾಕಿಕೊಂಡವರ ತೊಡೆ ನೀಲಿಯಾಗುವುದೂ ಇದಕ್ಕೇ. ಆದರೆ ಅದೇ ಕೌದಿಯನ್ನು ನೀರಿಗೆ ಹಾಕಿದರೆ ಪಕ್ಕದ ಬಿಳಿ ತುಂಡು ಬಿಳಿಯಾಗಿಯೇ ಇರುತ್ತದೆ. ಬೆರಳಿಗೆ ಹತ್ತುವುದು ಬೇರೆ, ನೀರಿನಲ್ಲಿ ಹರಿಯುವುದು ಬೇರೆ. ಇಷ್ಟನ್ನೂ ಆ ಹಿರಿಯರಿಗೆ ಹೇಳಿದೆ. "ಅಂದ್ರ ಬಿಡತೈತಿ" ಎಂದು ಮುಂದಿನ ಕೌದಿಗೆ ನಡೆದರು.

ಅವರು ಉಜ್ಜದೇ ಬಿಟ್ಟ ತುಂಡು ಆ ಕೌದಿಯಲ್ಲಿ ಇನ್ನೊಂದಿತ್ತು. ಮಳೆ ಎಂದ ಕೂಡಲೇ ಎಲ್ಲರೂ ನೀಲಿಗೆ ಓಡಿದ್ದರು. ಆ ಹಾಲ್ ತುಂಬ ನೀಲಿ, ನಡುವೆ ಬಣ್ಣಬಣ್ಣದ ಕೊಡೆಗಳು. ವಿಷಯ ಕೊಟ್ಟ ಸ್ಪರ್ಧೆಯ ಕಷ್ಟ ಇದು: ಎಲ್ಲರಿಗೂ ಒಂದೇ ಪದ ಸಿಗುತ್ತದೆ, ಎಲ್ಲರೂ ಅದೇ ನಾಲ್ಕು ಅಂಗಡಿಗೆ ಹೋಗುತ್ತಾರೆ, ಅಲ್ಲಿ ಹನಿ ಹನಿ ಪ್ರಿಂಟಿನ ಅದೇ ಥಾನು ಇರುತ್ತದೆ. ಧಾರವಾಡದ ಆಚೆ ಎರೆ ಹೊಲದಲ್ಲಿ ಮೊದಲ ಮಳೆ ಬಿದ್ದಾಗ ನೀಲಿ ಎಲ್ಲಿರುತ್ತದೆ? ಕಪ್ಪು ಇರುತ್ತದೆ. ಒಣಗಿ ಬಿರುಕುಬಿಟ್ಟ ಬೂದುಗಪ್ಪು ಒಂದು, ನೀರು ಕುಡಿದ ಮೇಲಿನ ಮಿರಿಮಿರಿ ಕಪ್ಪು ಇನ್ನೊಂದು. ಆ ಎರಡು ಕಪ್ಪು ನನಗೆ ಒಂದೇ ಬಟ್ಟೆಯಲ್ಲಿ ಬೇಕಿತ್ತು. ಥಾನಿನಲ್ಲಿ ಅದು ಸಿಗುವುದಿಲ್ಲ. ನಾನು ಬಣ್ಣ ಹಾಕುವುದು ಇಂಥ ಹಟಕ್ಕೆ.

ಕಪ್ಪು ಮಾಡುವ ಹಳೆಯ ಕ್ರಮ ಬಟ್ಟೆಯ ಮೇಲೆ ಚಿತ್ರ ಬಿಡಿಸುವ ಕಲಂಕಾರಿಯವರದು. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ಹುಳಿ ಬರಲು ಬಿಡುವುದು. ಮನೆಯವರು ಮೂಗು ಮುಚ್ಚಿಕೊಂಡು ಓಡಾಡುತ್ತಾರೆ, ಬಿಡಿ. ಅಳಲೆಕಾಯಿಯಲ್ಲಿ ನೆನೆಸಿ ಒಣಗಿಸಿದ ಬಟ್ಟೆಗೆ ಆ ನೀರು ತಾಗಿದರೆ ಸಾಕು, ಕಣ್ಣೆದುರೇ ಕಪ್ಪಾಗುತ್ತದೆ. ಈ ಕಪ್ಪು ಬಿಡುವುದಿಲ್ಲ. ಅಷ್ಟೇ ಅಲ್ಲ, ಬಟ್ಟೆಯನ್ನೇ ತಿನ್ನುತ್ತದೆ. ಕಬ್ಬಿಣದಿಂದ ಹತ್ತಿಯ ಎಳೆ ವರ್ಷಗಳು ಕಳೆದಂತೆ ಪೆಡಸಾಗಿ ಪುಡಿಯಾಗುತ್ತದೆ. ಮ್ಯೂಸಿಯಮ್ಮಿನಲ್ಲಿರುವ ಹಳೆಯ ಕಲಂಕಾರಿ ಬಟ್ಟೆಗಳಲ್ಲಿ ಎಷ್ಟೋ ಕಡೆ ಕಪ್ಪು ಗೆರೆ ಇದ್ದ ಜಾಗವೇ ಸವೆದುಹೋಗಿ, ಸುತ್ತಲಿನ ಕೆಂಪು ಹಾಗೇ ಉಳಿದಿದೆ. ಬಣ್ಣ ಬಿಡುವುದನ್ನೇ ದೊಡ್ಡ ರೋಗ ಎಂದುಕೊಂಡವರು ಇದನ್ನೂ ಸ್ವಲ್ಪ ಯೋಚಿಸಲಿ. ಈ ಕಪ್ಪನ್ನು ಚೆನ್ನಾಗಿ ತೊಳೆದು, ಕಡಿಮೆ ಬಳಸಿ, ಎಳೆತ ಬೀಳದ ಜಾಗದಲ್ಲಿ ಇಡುತ್ತೇನೆ. ಅದರಿಂದ ಆಚೆಗೆ ನಾನೂ ಜವಾಬ್ದಾರಳಲ್ಲ.

ಇನ್ನೊಂದು ಮಾತು. ಅಜ್ಜಿಯ ಕೌದಿಗೆ ಯಾರೂ ಈ ಪ್ರಶ್ನೆ ಕೇಳುವುದಿಲ್ಲ, ಗಮನಿಸಿದ್ದೀರಾ? ಯಾಕೆಂದರೆ ಆ ಸೀರೆ, ಆ ಧೋತರ, ಆ ಲಂಗಗಳೆಲ್ಲ ಹಳ್ಳದ ಕಲ್ಲಿನ ಮೇಲೆ ವರ್ಷಗಟ್ಟಲೆ ಏಟು ತಿಂದು, ಬಿಡುವ ಬಣ್ಣವನ್ನೆಲ್ಲ ಬಿಟ್ಟಾದ ಮೇಲೆಯೇ ಕೌದಿಗೆ ಬಂದವು. ಉಳಿದದ್ದು ಉಳಿಯುವಂಥ ಬಣ್ಣ. ಸ್ಪರ್ಧೆಯವರು ವಿಷಯವನ್ನೂ ಕೊನೆಯ ತಾರೀಖನ್ನೂ ಒಂದೇ ಕಾಗದದಲ್ಲಿ ಕಳಿಸುತ್ತಾರೆ. ಹೊಸ ಬಟ್ಟೆ, ಮೊದಲು ಅದರ ಗಂಜಿ ತೆಗೆಯಬೇಕು, ಆಮೇಲೆ ಬಣ್ಣ. ಅಜ್ಜಿಯ ಬಟ್ಟೆಗೆ ಅಷ್ಟು ಕಾಲ ಮಾಡಿದ್ದನ್ನು ನಾನು ಗ್ಯಾಸಿನ ಮೇಲೆ ಒಂದು ವಾರದಲ್ಲಿ ಮಾಡಬೇಕು. ಇದು ನನ್ನ ಪೂರ್ತಿ ಉತ್ತರ. ಬಿಡುವುದನ್ನು ಹೊಲಿಯುವ ಮೊದಲೇ ಬಿಡಿಸಿರುತ್ತೇನೆ. ತಣ್ಣೀರಿನಲ್ಲಿ ಒಗೆಯಿರಿ, ನೆರಳಿನಲ್ಲಿ ಒಣಗಿಸಿ, ಉಗುಳು ಹಚ್ಚಬೇಡಿ.

ಇಷ್ಟು ಜನ ಇಷ್ಟು ಸಲ ಕೇಳಿದ್ದಾರಲ್ಲ, ಒಬ್ಬರಾದರೂ "ಹೊಲಿದಾವ್ರು ಯಾರ್ರೀ?" ಎಂದು ಕೇಳಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ.

1933ರಲ್ಲಿ ಶಿಕಾಗೋದ ವಿಶ್ವ ಮೇಳಕ್ಕೆ ಸಿಯರ್ಸ್ ಎಂಬ ಅಂಗಡಿ ಕಂಪನಿ ಒಂದು ಕ್ವಿಲ್ಟ್ ಸ್ಪರ್ಧೆ ನಡೆಸಿತು. ಅಮೆರಿಕದಲ್ಲಿ ಕೆಲಸವಿಲ್ಲ, ದುಡ್ಡಿಲ್ಲ ಎನ್ನುವ ಕಾಲ. ಮೊದಲ ಬಹುಮಾನ ಸಾವಿರ ಡಾಲರಿಗೂ ಹೆಚ್ಚು. 24,000ಕ್ಕೂ ಮಿಕ್ಕಿ ಕ್ವಿಲ್ಟ್‌ಗಳು ಬಂದವು. ಮೇಳದ ವಿಷಯ 'ಪ್ರಗತಿಯ ಶತಮಾನ', ಗೆದ್ದ ಕ್ವಿಲ್ಟ್ ಅದರ ಮೇಲೆಯೇ ಇದ್ದರೆ ಇನ್ನೂ 200 ಡಾಲರ್. ಪಾಪ, ಎಷ್ಟೋ ಹೆಂಗಸರು ಕಟ್ಟಡ, ರೈಲು, ವಿಮಾನ ಎಲ್ಲ ಬಟ್ಟೆಯಲ್ಲಿ ಕತ್ತರಿಸಿ ಕೂರಿಸಿದರು. ತೀರ್ಪುಗಾರರು ಮೊದಲ ಬಹುಮಾನ ಕೊಟ್ಟದ್ದು ಹಳೆಯ ಕಾಲದ ನಕ್ಷತ್ರದ ಕ್ವಿಲ್ಟ್‌ಗೆ. ಆ 200 ಡಾಲರ್ ಕಂಪನಿಯ ಪೆಟ್ಟಿಗೆಯಲ್ಲೇ ಉಳಿಯಿತು. ವಿಷಯ ಕೊಟ್ಟು, ವಿಷಯಕ್ಕೆ ಹೊಲಿದವರನ್ನು ಕೈಬಿಡುವ ರೂಢಿ ಇಂದು ನಿನ್ನೆಯದಲ್ಲ.

ಅದು ಹೋಗಲಿ. ಗೆದ್ದಾಕೆ ಕೆಂಟಕಿಯವಳು. ಕ್ವಿಲ್ಟ್ ತನ್ನದೇ ಕೈಕೆಲಸ ಎಂದು ಬರೆದುಕೊಡುವ ನಿಯಮವಿತ್ತು, ಬರೆದುಕೊಟ್ಟಿದ್ದಳು. ನಿಜಕ್ಕೂ ಹೊಲಿದವರು ಅವಳು ಕೂಲಿಗೆ ಹಚ್ಚಿದ್ದ ಬೇರೆ ಹೆಂಗಸರು. ಬಹುಮಾನದಲ್ಲಿ ಅವರಿಗೆ ಪಾಲು ಸಿಗಲಿಲ್ಲ, ಇದ್ದ ಕೆಲಸ ಕಳೆದುಕೊಳ್ಳುವ ಭಯಕ್ಕೆ ಬಾಯಿಯನ್ನೂ ಬಿಡಲಿಲ್ಲ. ಆ ಕ್ವಿಲ್ಟ್ ಅಮೆರಿಕದ ಅಧ್ಯಕ್ಷರ ಹೆಂಡತಿ ಎಲೀನರ್ ರೂಸ್‌ವೆಲ್ಟ್ ಅವರಿಗೆ ಉಡುಗೊರೆಯಾಗಿ ಹೋಯಿತು. ಸಂಗತಿ ಜಗಜ್ಜಾಹೀರಾಗಲು ದಶಕಗಳೇ ಬೇಕಾದವು.

ಇದನ್ನು ಯಾಕೆ ಹೇಳಿದೆ ಎಂದರೆ, ನನ್ನ ಕೌದಿಗಳಿಗೆ ಬಣ್ಣ ನನ್ನದು, ಕತ್ತರಿ ನನ್ನದು, ಜೋಡಣೆ ನನ್ನದು. ಮೂರು ಪದರ ಸೇರಿಸಿ ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ಹಾಕುವ ಕೈಹೊಲಿಗೆ ನನ್ನದಲ್ಲ. ಅದು ಮನೆಮನೆಗೆ ಹೋಗಿ ಕೌದಿ ಹೊಲಿದುಕೊಡುವ ಅಕ್ಕನೊಬ್ಬಳದು. ಅವಳು ಚಾಕ್‌ಪೀಸಿನಿಂದ ಗೆರೆ ಎಳೆದುಕೊಳ್ಳುವುದಿಲ್ಲ. ಬಟ್ಟೆಯನ್ನು ನೆಲದ ಮೇಲೆ ಹಾಸಿ, ಒಂದು ಕಾಲು ಅದರ ಮೇಲೆ ಚಾಚಿ ಒತ್ತಿಹಿಡಿದು, ಎಡಗೈ ಕೆಳಗೆ ತೂರಿಸಿ, ಬಲಗೈಯಲ್ಲಿ ಸೂಜಿಗೆ ನಾಲ್ಕೈದು ಹೊಲಿಗೆ ಒಟ್ಟಿಗೆ ಏರಿಸಿ ಒಂದೇ ಎಳೆತಕ್ಕೆ ದಾರ ತೆಗೆಯುತ್ತಾಳೆ. ಸಾಲು ನೆಟ್ಟಗಿರುತ್ತದೆ. ನಾನು ಗೆರೆ ಎಳೆದುಕೊಂಡು ಹೊಲಿದರೂ ಸೊಟ್ಟ. ಪ್ರದರ್ಶನಕ್ಕೆ ತೂಗುಹಾಕಲು ಹಿಂಬದಿಗೆ ಕೋಲು ತೂರಿಸುವ 4 ಇಂಚಿನ ಬಟ್ಟೆಯ ಕೊಳವೆ ಹೊಲಿಯಬೇಕೆಂಬ ನಿಯಮ ಇರುತ್ತದೆ. ಅದು ಯಾತಕ್ಕೆ ಎಂದು ಮೊದಲ ಸಲ ತಿಳಿದಾಗ ಅವಳು ಕೇಳಿದ್ದು: "ಗ್ವಾಡಿಗೆ ಹೊಚ್ಚತೀರೇನ? ಗ್ವಾಡಿಗೆ ಥಂಡಿ ಹತ್ತೈತೇನ್ರೀ ಅಕ್ಕಾರ?" ಅವಳು ಅಕ್ಕ ಎನ್ನುವುದು ನನಗೆ, ನಾನು ಅನ್ನುವುದು ಅವಳಿಗೆ. ವಯಸ್ಸಿನಲ್ಲಿ ಯಾರು ದೊಡ್ಡವರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಹೊರದೇಶದ ಸ್ಪರ್ಧೆಗಳಲ್ಲಿ ಒಬ್ಬರೇ ಮಾಡಿದ್ದು, ಇಬ್ಬರು ಸೇರಿ ಮಾಡಿದ್ದು ಎಂದು ಬೇರೆ ಬೇರೆ ವಿಭಾಗ ಇರುವುದುಂಟು, ಜೋಡಿಸಿದವರು ಯಾರು, ಹೊಲಿದವರು ಯಾರು ಎಂದು ಬರೆಯಲು ಜಾಗವೂ ಉಂಟು. ಆ ಮಳೆಯ ಸ್ಪರ್ಧೆಯ ಫಾರ್ಮಿನಲ್ಲಿ ಇದ್ದದ್ದು 'ಕಲಾವಿದರ ಹೆಸರು' ಎಂಬ ಒಂದೇ ಗೆರೆ. ನಾನು ಇಬ್ಬರ ಹೆಸರನ್ನೂ ಬರೆದೆ. ಕೌದಿಯ ಪಕ್ಕದ ಚೀಟಿಯಲ್ಲಿ ಅಚ್ಚಾಗಿದ್ದು ನನ್ನದೊಂದೇ. ಕೇಳಿದರೆ, "ಜಾಗ ಸಾಲಲಿಲ್ಲ ಮೇಡಂ. ಅವರು ಹೊಲಿಗೆ ಅಷ್ಟೇ ಹಾಕಿದ್ದಲ್ವಾ?" ಎಂದರು. ಹೊಲಿಗೆ ಅಷ್ಟೇ! ಹೊಲಿಗೆ ಇಲ್ಲದಿದ್ದರೆ ಅದು ಮೂರು ಬಟ್ಟೆ, ಅವರದೇ ನಿಯಮದ ಪ್ರಕಾರ ಸ್ಪರ್ಧೆಗೇ ಬರುವಂತಿಲ್ಲ.

ಅಕ್ಕನಿಗೆ ಹೇಳಿದೆ. ಅವಳಿಗೆ ಬೇಜಾರೇನೂ ಆಗಲಿಲ್ಲ. "ಹೆಸರಿಂದ ಏನಾಗೂದೈತ್ರಿ, ಮುಂದಿನದಕ್ಕ ಛಲೋ ದಾರ ತರಿಸ್ರಿ, ಈ ದಾರ ಗಂಟ ಬೀಳತೈತಿ, ಮತ್ತ ಕೂಲಿ ನೂರು ರೂಪಾಯಿ ಹೆಚ್ಚಿಗಿ ಕೊಡ್ರಿ" ಎಂದಳು. ದಾರ ಬದಲಾಯಿಸಿದ್ದೇನೆ. ಕೂಲಿ ಅವಳು ಕೇಳಿದ್ದಕ್ಕಿಂತ ಹೆಚ್ಚಾಗಿದೆ. ನನಗೆ ಮಾತ್ರ ಆ ಚೀಟಿಯ ಸಿಟ್ಟು ಇಳಿದಿಲ್ಲ. ಮುಂದಿನ ಸ್ಪರ್ಧೆಯ ಫಾರ್ಮ್ ಬಂದಿದೆ, ವಿಷಯ 'ಮನೆ', ಗೆರೆ ಈ ಸಲವೂ ಒಂದೇ. ಎರಡೂ ಹೆಸರನ್ನು ಅದರಲ್ಲೇ ಒತ್ತೊತ್ತಾಗಿ ಬರೆಯುತ್ತೇನೆ, ಅವಳದನ್ನು ಮೊದಲು. ಜಾಗ ಸಾಲದಿದ್ದರೆ ನನ್ನದನ್ನು ಬಿಡಲಿ.