‘ಡಾಕ್ಟರೇ, ಈ ಪೈಪನ್ನು ಯಾವಾಗ ತೆಗೆಯುತ್ತೀರಿ?’

ಲಿವರ್ ಕಸಿಯಾದ ಮಕ್ಕಳ ತಂದೆತಾಯಂದಿರು ನನ್ನನ್ನು ಮೊದಲು ಕೇಳುವುದು ಇದನ್ನೇ. ಕಸಿ ಮಾಡುವುದು ನನ್ನ ಕೆಲಸವಲ್ಲ. ಆಮೇಲೆ ಪಿತ್ತನಾಳವೋ ರಕ್ತನಾಳವೋ ಕಿರಿದಾದಾಗ, ಹೊಟ್ಟೆ ಕೊಯ್ಯದೆ ಸೂಜಿ, ತಂತಿ, ಬಲೂನುಗಳಿಂದ ದಾರಿ ಬಿಡಿಸುವ ರೇಡಿಯಾಲಜಿಸ್ಟ್ ನಾನು. ಮಗುವಿನ ಹೊಟ್ಟೆಯಿಂದ ಹೊರಬಂದಿರುವ ಆ ಪೈಪು ನಾನೇ ಹಾಕಿದ್ದು.

ಉತ್ತರ: ಸಾಮಾನ್ಯವಾಗಿ ಕೆಲವು ತಿಂಗಳು. ಹಾಗೆಂದ ಕೂಡಲೇ ಅವರ ಮುಖ ಬಾಡುತ್ತದೆ, ಆದ್ದರಿಂದ ಕಾರಣವನ್ನೂ ಹೇಳಬೇಕು.

ಪುಟ್ಟ ಮಕ್ಕಳಿಗೆ ಕಸಿ ಬೇಕಾಗುವುದು ಹೆಚ್ಚಾಗಿ ಬಿಲಿಯರಿ ಅಟ್ರೇಸಿಯಾದಿಂದ, ಅಂದರೆ ಪಿತ್ತನಾಳವೇ ಮುಚ್ಚಿಹೋಗುವ ಕಾಯಿಲೆಯಿಂದ. ಹಾಗಾಗಿ ಹೊಸ ಲಿವರಿನ ನಾಳವನ್ನು ನೇರವಾಗಿ ಸಣ್ಣಕರುಳಿಗೆ ಹೊಲಿಯುತ್ತಾರೆ. ಆ ಹೊಲಿಗೆ ಮಾಯುತ್ತ ಬಿಗಿದುಕೊಂಡರೆ ಪಿತ್ತ ಒಳಗೇ ನಿಲ್ಲುತ್ತದೆ. ಜ್ವರ, ತುರಿಕೆ, ಕಾಮಾಲೆ ಶುರುವಾಗುತ್ತವೆ. ಕರುಳಿನ ದಾರಿಯನ್ನೇ ಬದಲಿಸಿರುವುದರಿಂದ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಅಲ್ಲಿಗೆ ತಲುಪುವುದು ಕಷ್ಟ. ಅಲ್ಟ್ರಾಸೌಂಡ್ ನೋಡಿಕೊಂಡು ಚರ್ಮದಿಂದಲೇ ಲಿವರಿಗೆ ಸೂಜಿ ಚುಚ್ಚಿ, ಇಕ್ಕಟ್ಟಿನ ಆಚೆಗೆ ತಂತಿ ದಾಟಿಸಿ, ಬಲೂನ್ ಊದಿ ಹಿಗ್ಗಿಸುತ್ತೇನೆ. ಆದರೆ ಕಲೆಗಟ್ಟಿದ ಗಾಯ ಹಟಮಾರಿ, ಬಿಟ್ಟರೆ ಮತ್ತೆ ಕುಗ್ಗುತ್ತದೆ. ಅದಕ್ಕೇ ಹಿಗ್ಗಿಸಿದ ಜಾಗದಲ್ಲಿ ಪೈಪನ್ನು ಬಿಟ್ಟಿರುತ್ತೇನೆ. ಅದು ನಡುವೆ ಕುಳಿತಿದ್ದರೆ ಗಾಯ ಅದರ ಸುತ್ತಲೇ ಮಾಯಬೇಕಾಗುತ್ತದೆ. ಕೆಲವು ವಾರಗಳಿಗೊಮ್ಮೆ ಮತ್ತೆ ಬಲೂನ್, ಬೇಕಾದರೆ ಇನ್ನಷ್ಟು ದಪ್ಪ ಪೈಪು.

‘ಹೃದಯಕ್ಕೆ ಹಾಕುವಂತೆ ಸ್ಟೆಂಟ್ ಹಾಕಿಬಿಡಿ’ ಎನ್ನುವವರಿದ್ದಾರೆ. ಮಗು ಬೆಳೆಯುತ್ತದೆ, ಲೋಹದ ಸ್ಟೆಂಟ್ ಬೆಳೆಯುವುದಿಲ್ಲ; ಪಿತ್ತನಾಳದಲ್ಲಾದರೆ ಕಟ್ಟಿಕೊಳ್ಳುವುದೂ ಉಂಟು. ಲಿವರಿನ ರಕ್ತ ಹೃದಯಕ್ಕೆ ಮರಳುವ ಅಭಿಧಮನಿ ಕಿರಿದಾದಾಗಲೂ ನಾನು ಬಲೂನಿನಿಂದಲೇ ಆರಂಭಿಸುತ್ತೇನೆ. ಮತ್ತೆ ಮತ್ತೆ ಕಿರಿದಾದರೆ ಮಾತ್ರ ಸ್ಟೆಂಟ್.

ಲಿವರಿನ ಅಪಧಮನಿಯ ವಿಷಯ ಬೇರೆ. ಕಸಿಯಾದ ಲಿವರಿನ ಪಿತ್ತನಾಳಗಳು ಬದುಕುವುದು ಅದರ ರಕ್ತದಿಂದಲೇ. ಮೊದಲ ದಿನಗಳಲ್ಲಿ ಮತ್ತೆ ಮತ್ತೆ ಡಾಪ್ಲರ್, ಅಂದರೆ ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್, ಮಾಡುವುದು ಅದಕ್ಕಾಗಿಯೇ. ಆಗ ಅಪಧಮನಿ ಕಟ್ಟಿಕೊಂಡರೆ ಸಾಮಾನ್ಯವಾಗಿ ಮೊದಲು ಸರ್ಜನ್ನರನ್ನು ಕರೆಯುತ್ತೇನೆ. ಹಸಿ ಹೊಲಿಗೆಯ ಮೇಲೆ ಬಲೂನ್ ಊದಿ ಧೈರ್ಯ ತೋರಿಸುವ ಆಸೆ ನನಗಿಲ್ಲ.

ಪೈಪಿಗೆ ಮರಳುತ್ತೇನೆ. ಅದರೊಳಗೆ ಎಕ್ಸ್-ರೇಯಲ್ಲಿ ಕಾಣುವ ಬಣ್ಣದ್ರವ ಬಿಟ್ಟಾಗ ಅದು ತಡೆಯಿಲ್ಲದೆ ಕರುಳಿಗೆ ಇಳಿಯಬೇಕು. ಆಮೇಲೆ ಹೊರಗಿನ ಬಾಯಿಯನ್ನು ಮುಚ್ಚಿ ಮನೆಗೆ ಕಳುಹಿಸುತ್ತೇನೆ. ಜ್ವರ ಬರದೆ, ರಕ್ತ ಪರೀಕ್ಷೆ ಕೆಡದೆ ಇದ್ದರೆ ತೆಗೆಯುವುದಕ್ಕೆ ಕೆಲವೇ ಕ್ಷಣ ಸಾಕು. ಅದಕ್ಕೂ ಮುಂಚೆ ಪೈಪು ತಾನಾಗಿ ಜಾರಿ ಬಂದರೆ, ರಾತ್ರಿಯಾದರೂ ಸರಿ, ಕೂಡಲೇ ಫೋನ್ ಮಾಡಿ. ಸೂಜಿಯ ದಾರಿ ಬೇಗ ಮುಚ್ಚಿಕೊಳ್ಳುತ್ತದೆ.